ಮೂರು ಮನೆ ದಾಟಿ ಬಂದ ರೈಲು ಹಳಿ

ಹೋದ ವರ್ಷ ಮಾಘದಲ್ಲಿ ನಮ್ಮ ಮನೆ ಮೇಲೊಂದು ರೂಮು ಹಾಕಿಸಿದೆವು. ಗೃಹಪ್ರವೇಶ ಅನ್ನೋವಷ್ಟು ದೊಡ್ಡದೇನಲ್ಲ. ಆದರೂ ಹಾಲುಕ್ಕಿಸಿ, ಹತ್ತಿರದವರನ್ನ ಕರೆದು ಹೋಳಿಗೆ ಊಟ ಹಾಕಿದೆವು. ನಮ್ಮ ಶಿಕಾರಿಪುರದಲ್ಲಿ ಊಟಕ್ಕೆ ಕರೆದರೆ ಯಾರೂ ಬರಿಗೈಲಿ ಬರೋದಿಲ್ಲ. ‘ಏನೂ ತರಬೇಡ್ರೀ’ ಅಂತ ನಾವು ಅನ್ನಬೇಕು, ಅವರು ತರಬೇಕು, ‘ಅಯ್ಯೋ, ಇದೆಲ್ಲ ಯಾಕೆ ತರೋಕೆ ಹೋದ್ರಿ’ ಅನ್ನುತ್ತಾ ನಾವು ಇಸ್ಕೋಬೇಕು. ಸಂಜೆ ಎಲ್ಲರೂ ಹೋದ ಮೇಲೆ ನೋಡಿದರೆ ಎರಡು ಗೋಡೆ ಗಡಿಯಾರ, ಒಂದು ಹಾಟ್‌ಬಾಕ್ಸು, ಗಾಜಿನ ಲೋಟಗಳ ಸೆಟ್ಟು, ಮತ್ತೆ ಒಂದು ಬಿಳಿ ರಟ್ಟಿನ ಡಬ್ಬಿ.

ಆ ಡಬ್ಬಿ ತಂದಿದ್ದು ಶಿರಾಳಕೊಪ್ಪದಿಂದ ಬಂದಿದ್ದ ನನ್ನ ನಾದಿನಿ. ಒಳಗೊಂದು ಫೋಟೋ ಮಗ್. ಡಬ್ಬಿಯ ಮುಂಭಾಗದಲ್ಲಿ ಕಿಟಕಿ ಹಾಗೆ ಕತ್ತರಿಸಿ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು, ಮಗ್ಗಿನ ಮೇಲಿನ ಚಿತ್ರ ಅಲ್ಲಿಂದ ಕಾಣುತ್ತಿತ್ತು. ಎರಡು ರೈಲು ಹಳಿ, ದೂರದಲ್ಲಿ ಸೇರಿಕೊಂಡಿವೆ. ಆಕಾಶವೆಲ್ಲ ಕೆಂಪು, ಕೆಳಗೆ ಕಪ್ಪು ಗಿಡಗಂಟಿ. ರೈಲಿಲ್ಲ, ಸ್ಟೇಷನ್ ಇಲ್ಲ, ಒಂದು ನರಪಿಳ್ಳೆ ಇಲ್ಲ.

‘ಇದೆಂಥಾ ಚಿತ್ರ ಮಾರಾಯ್ರೆ?’ ಅಂದೆ ನನ್ನ ಗಂಡನಿಗೆ. ‘ಫೋಟೋ ಮಗ್ ಅಂದ್ರೆ ಗಂಡ ಹೆಂಡತಿ ನಗ್ತಿರಬೇಕು, ಇಲ್ಲ ಮಕ್ಕಳು ಕೇಕ್ ಕತ್ತರಿಸ್ತಿರಬೇಕು. ಖಾಲಿ ಹಳಿ ಯಾರು ಹಾಕಿಸ್ತಾರೆ?’

‘ಕಾಫಿ ಕುಡಿಯೋಕೆ ಹಳಿ ಆದ್ರೇನು, ಹಾದಿ ಆದ್ರೇನು’ ಅಂದರು ಅವರು, ಪೇಪರಿನಿಂದ ತಲೆ ಎತ್ತದೆ.

ನನಗೆ ಹಾಗೆ ಬಿಡೋಕೆ ಆಗೋದಿಲ್ಲ. ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ ಕೆಲಸ ನನ್ನದು. ಇಪ್ಪತ್ತು ವರ್ಷದಿಂದ ಕಂಡವರ ಅರ್ಜಿ ಓದಿ ಓದಿ ಕೆದಕೋ ಬುದ್ಧಿ ಬಂದುಬಿಟ್ಟಿದೆ. ಅದೂ ಅಲ್ಲದೆ ನಮ್ಮೂರಿಗೆ ರೈಲೇ ಇಲ್ಲ. ಬರುತ್ತೆ ಬರುತ್ತೆ ಅಂತ ನಾನು ಲಂಗ ಹಾಕೋ ಕಾಲದಿಂದ ಕೇಳಿದ್ದೀನಿ, ಊರಲ್ಲಿ ಹಳಿ ಅನ್ನೋದನ್ನ ಇನ್ನೂ ಕಣ್ಣಲ್ಲಿ ಕಂಡಿಲ್ಲ. ಇದು ಯಾವ ಊರಿನ ಹಳಿ? ಇದು ಸೂರ್ಯ ಹುಟ್ಟೋ ಹೊತ್ತೋ, ಮುಳುಗೋ ಹೊತ್ತೋ? ಎರಡು ದಿನ ಅಡುಗೆಮನೆ ಕಟ್ಟೆ ಮೇಲೆ ಇಟ್ಟುಕೊಂಡು ನೋಡಿದೆ. ಸಂಜೆಯೇ ಇರಬೇಕು ಅನ್ನಿಸಿತು. ಬೆಳಗಿನ ಹೊತ್ತು ಅಷ್ಟು ಬೇಜಾರಾಗಿ ಕಾಣೋದಿಲ್ಲ.

ಈಗ ಒಂದು ಮಾತು ಮುಚ್ಚಿಡದೆ ಹೇಳಿಬಿಡ್ತೀನಿ. ಬಂದ ಉಡುಗೊರೆಯನ್ನ ದಾಟಿಸೋದರಲ್ಲಿ ನಾನೇನೂ ಸಾಚಾ ಅಲ್ಲ. ನಮ್ಮ ಕಡೆ ಎಲ್ಲ ಮನೆಯಲ್ಲೂ ಅಟ್ಟದ ಮೇಲೆ ಒಂದು ಜಾಗ ಇರುತ್ತೆ, ಅಲ್ಲಿಗೆ ಬಂದದ್ದು ಅಲ್ಲಿಂದಲೇ ಇನ್ನೊಬ್ಬರ ಮದುವೆಗೆ ಹೋಗುತ್ತೆ. ಮುಖ ಇರೋ ಮಗ್ ದಾಟಿಸೋಕೆ ಆಗಲ್ಲ. ಖಾಲಿ ಹಳಿಗೆ ಅಂಥ ತೊಂದರೆ ಇಲ್ಲ. ಆ ವಾರವೇ ನಮ್ಮ ಆಫೀಸಿನ ಹುಡುಗಿಯ ಮದುವೆ ಇತ್ತು. ಬಣ್ಣದ ಕಾಗದವನ್ನೂ ತಂದಿಟ್ಟಿದ್ದೆ.

ಆದರೆ ನಾನು ದಾಟಿಸೋ ಮುಂಚೆ ಡಬ್ಬಿ ಬಿಚ್ಚಿ ಪೂರ್ತಿ ನೋಡ್ತೀನಿ. ಒಮ್ಮೆ ಮಾನ ಹೋಗಿದೆ, ಅದಕ್ಕೆ. ಯಾರದೋ ಮಗುವಿನ ನಾಮಕರಣಕ್ಕೆ ಒಂದು ಸ್ಟೀಲ್ ಡಬರಿ ಕೊಟ್ಟಿದ್ದೆ. ಅದರ ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ನನ್ನ ದೊಡ್ಡಪ್ಪನ ಹೆಸರು ಕೊರೆಸಿತ್ತು. ಆ ಮನೆಯವರು ಇವತ್ತಿಗೂ ನನ್ನನ್ನ ಕಂಡರೆ ‘ನಿಮ್ಮ ದೊಡ್ಡಪ್ಪ ಆರಾಮಾ?’ ಅಂತ ಕೇಳಿ ನಗ್ತಾರೆ. ಅವತ್ತಿನಿಂದ ಹೆಸರು ಗಿಸರು ಏನಾದರೂ ಇದೆಯಾ ಅಂತ ತಿರುಗಿಸಿ ನೋಡದೆ ಏನನ್ನೂ ಕೊಡಲ್ಲ.

ಹಾಗೇ ಅವತ್ತು ಡಬ್ಬಿ ಮುಚ್ಚಳ ತೆಗೆದು ಮಗ್ ಎಳೆದೆ. ಒಳಗೆ ನಾಲ್ಕು ಮಡಿಕೆ ಮಾಡಿದ ಒಂದು ಚೀಟಿ. ಅಂಗಡಿಯವರ ಬಿಲ್ಲಿರಬೇಕು ಅಂದುಕೊಂಡು ಬಿಡಿಸಿದೆ. ಬಿಲ್ಲಲ್ಲ. ರೂಲ್ ಹಾಳೆಯಲ್ಲಿ ನೀಲಿ ಪೆನ್ನಿನಿಂದ ಬರೆದ ಕಾಗದ.

‘ಅಕ್ಕಾ, ಫೋನಿನಲ್ಲಿ ಕೇಳೋಣ ಅಂದರೆ ನಿನ್ನ ಫೋನು ಯಾವಾಗಲೂ ಭಾವನ ಹತ್ತಿರ ಇರುತ್ತೆ. ಅದಕ್ಕೆ ಬರೆದೆ. ಇದು ನಾನು ನಿಂತು ಸಂಜೆ ಗಾಡಿಗೆ ಬಾವುಟ ತೋರಿಸೋ ಜಾಗ. ನಾನಿರೋ ಕಡೆ ನೀನು ನೋಡಿಲ್ಲವಲ್ಲ, ಅದಕ್ಕೆ ಫೋಟೋ ತೆಗೆದು ಹಾಕಿಸಿದೆ. ನನಗೀಗ ಐದು ತಿಂಗಳು. ಅಮ್ಮ ಇದ್ದಿದ್ದರೆ ಕೇಳೋ ಮಾತೇ ಇರಲಿಲ್ಲ. ಬಾಣಂತನಕ್ಕೆ ನಿನ್ನ ಮನೆಗೆ ಬರಲಾ? ಮನಸ್ಸಿಲ್ಲದಿದ್ದರೆ ಬೇಡ ಅಂತ ಬಾಯಿಬಿಟ್ಟು ಹೇಳಬೇಡ. ಸುಮ್ಮನಿದ್ದುಬಿಡು, ನಾನು ತಿಳ್ಕೋತೀನಿ. ನಿನ್ನ ತಂಗಿ.’

ಅಷ್ಟೆ. ಹೆಸರಿಲ್ಲ, ಊರಿಲ್ಲ, ತಾರೀಖಿಲ್ಲ.

ನಾನು ಅಲ್ಲೇ ಕಟ್ಟೆಗೆ ಒರಗಿ ನಿಂತುಬಿಟ್ಟೆ. ನನ್ನ ಮಗ ಹುಟ್ಟಿದಾಗ ನಮ್ಮವ್ವ ಬಚ್ಚಲಲ್ಲಿ ಕೂರಿಸಿ ಹಂಡೆಗಟ್ಟಲೆ ಬಿಸಿನೀರು ಬೆನ್ನಿಗೆ ಹೊಯ್ಯುತ್ತಿದ್ದಳು, ನಾನು ಸುಡುತ್ತೆ ಸುಡುತ್ತೆ ಅಂತ ಕಿರುಚಿದರೆ ಬೈಯುತ್ತಿದ್ದಳು. ಆ ಬೈಗುಳಕ್ಕೂ ಗತಿ ಇಲ್ಲದ ಒಂದು ಹುಡುಗಿ ಯಾವುದೋ ಹಳಿ ಪಕ್ಕ ನಿಂತು, ಅಕ್ಕ ಏನಂತಾಳೋ ಅಂತ ಕಾಯ್ತಿದ್ದಾಳೆ. ಅವಳ ಕಾಗದ ನನ್ನ ಅಡುಗೆಮನೆಯಲ್ಲಿ ಒಗ್ಗರಣೆ ಡಬ್ಬಿ ಪಕ್ಕ ಬಿದ್ದಿದೆ. ಐದು ತಿಂಗಳು ಅಂದಿದ್ದಾಳೆ. ಯಾವಾಗಿಂದ ಐದು?

ನಾದಿನಿಗೆ ಫೋನ್ ಹಚ್ಚಿದೆ.

‘ಆ ಮಗ್ ಎಲ್ಲಿ ತಗೊಂಡೆ?’

‘ಶಿವಮೊಗ್ಗದಲ್ಲಿ ಅತ್ತಿಗೆ. ಯಾಕೆ, ಚೆನ್ನಾಗಿಲ್ವಾ?’

‘ಶಿವಮೊಗ್ಗದಲ್ಲಿ ಎಲ್ಲಿ?’

‘ಅದೇ... ಬಸ್‌ಸ್ಟ್ಯಾಂಡ್ ಹತ್ರ ಒಂದು...’

‘ಒಳಗೆ ಒಂದು ಚೀಟಿ ಇದೆ, ಓದ್ತೀನಿ ಕೇಳು’ ಅಂದು ಓದಿದೆ. ಅವಳು ಸಣ್ಣ ದನಿಯಲ್ಲಿ, ‘ಬೈಬೇಡ್ರಿ ಅತ್ತಿಗೆ. ನಾನು ತಗೊಂಡಿದ್ದಲ್ಲ ಅದು’ ಅಂದಳು. ಅವಳ ಮಗ ದೀಪಾವಳಿ ಪಾಡ್ಯದ ದಿನ ಮೊಬೈಲ್ ಅಂಗಡಿ ತೆಗೆದಿದ್ದ. ಆಗ ಅವಳಿಗೆ ಸ್ಕೂಲಿನಲ್ಲಿ ಪಾಠ ಹೇಳಿದ ಟೀಚರು ಸೊರಬದಿಂದ ಬಂದು ಹರಸಿ ಈ ಡಬ್ಬಿ ಕೊಟ್ಟಿದ್ದರಂತೆ. ‘ಅಂಗಡಿ ಪೂಜೆಗೆ ಮುಳುಗೋ ಸೂರ್ಯ ಯಾರಾದ್ರೂ ಕೊಡ್ತಾರಾ ಅನ್ನಿಸ್ತು ಅತ್ತಿಗೆ. ಡಬ್ಬಿ ಬಿಚ್ಚಲೇ ಇಲ್ಲ.’

ಬೆರಳು ಮಡಿಚಿದೆ. ದೀಪಾವಳಿಯಿಂದ ಮೂರು ತಿಂಗಳು. ಐದೂ ಮೂರೂ ಎಂಟು. ಇನ್ನೂ ಸಮಯ ಇದೆ ಅಂದುಕೊಂಡೆ.

‘ಯಾರದೋ ಮನೆ ವಿಷಯ, ನಿನಗ್ಯಾಕೆ?’ ಅಂದರು ನಮ್ಮವರು ರಾತ್ರಿ ಊಟಕ್ಕೆ ಕೂತಾಗ.

‘ನಂಗ್ಯಾಕೆ ಅಂದ್ರೆ? ಚೀಟಿ ನನ್ನ ಕೈಗೆ ಬಂತಲ್ಲ! ನಾನು ಮುಚ್ಚಿ ಬಣ್ಣದ ಕಾಗದ ಸುತ್ತಿ ದಾಟಿಸಿಬಿಡ್ಲಾ?’ ಅಂದೆ. ನನಗೆ ಸಿಟ್ಟು ಬಂದರೆ ಅನ್ನದ ಸಟ್ಟುಗ ಜೋರಾಗಿ ಬೀಳುತ್ತೆ. ಅವರು ತಲೆ ತಗ್ಗಿಸಿ ಊಟ ಮುಗಿಸಿದರು. ಬೆಳಿಗ್ಗೆ ಮಾತ್ರ ‘ಸಿಐಡಿಯವರಿಗೆ ರಜೆ ಸಿಕ್ಕಿತಾ?’ ಅಂತ ಕೇಳಿ, ಬಸ್‌ಸ್ಟ್ಯಾಂಡಿಗೆ ಬೈಕಿನಲ್ಲಿ ಬಿಟ್ಟುಬಂದರು.

ಸೊರಬದ ಬಸ್ಸಿನಲ್ಲಿ ಡಬ್ಬಿಯನ್ನ ತೊಡೆ ಮೇಲೆ ಇಟ್ಟುಕೊಂಡು ಕೂತೆ. ಕಿಟಕಿಯಾಚೆ ಶುಂಠಿ ಹೊಲ, ಜೋಳದ ಹೊಲ ಹಿಂದಕ್ಕೆ ಓಡ್ತಿದ್ದವು. ನನಗೆ ಆ ಹುಡುಗಿಯದೇ ಯೋಚನೆ. ಹೆಂಗಸರು ರೈಲಿಗೆ ಬಾವುಟ ತೋರಿಸೋ ಕೆಲಸ ಮಾಡ್ತಾರಾ? ಹೊಟ್ಟೆ ಹೊತ್ತುಕೊಂಡು ಎಷ್ಟು ಹೊತ್ತು ನಿಲ್ಲಬೇಕು? ಗಾಡಿ ಹೋದ ಮೇಲೆ ಅಲ್ಲಿ ಏನು ಮಾಡ್ತಾಳೆ? ಫೋಟೋದ ಮೂಲೆಯಲ್ಲಿ ಒಂದು ಸಣ್ಣ ಕಾವಲು ಗೂಡಿನಂಥದ್ದು ಕಾಣ್ತಿತ್ತು, ಅದರೊಳಗೆ ಕುರ್ಚಿ ಇದ್ದೀತಾ ಅಂತ ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ಪಕ್ಕದಲ್ಲಿ ಕೂತಿದ್ದಾಕೆ ನನ್ನನ್ನೇ ವಿಚಿತ್ರವಾಗಿ ನೋಡಿದಳು.

ಟೀಚರ ಮನೆ ಹುಡುಕೋದು ಕಷ್ಟ ಆಗಲಿಲ್ಲ. ರಿಟೈರಾಗಿ ಏಳೆಂಟು ವರ್ಷವಾದರೂ ಮಾತಿನಲ್ಲಿ ಬೆತ್ತ ಹಾಗೇ ಇತ್ತು. ‘ಚಪ್ಪಲಿ ಸಾಲಾಗಿ ಬಿಟ್ಟು ಒಳಗೆ ಬಾ’ ಅಂದರು. ನಾನು ಇಂಥವಳ ಅತ್ತಿಗೆ ಅಂತ ಹೇಳಿ ಡಬ್ಬಿ ಮುಂದಿಟ್ಟೆ. ಮುಖ ಗಂಟಿಕ್ಕಿಕೊಂಡರು.

‘ನಾನು ಕೊಟ್ಟಿದ್ದು ಹೊಸದೇ.’

‘ಹೊಸದೇ ಟೀಚರ್. ಯಾರೂ ಒಂದು ಸಲವೂ ಕುಡಿದಿಲ್ಲ, ಅದೇ ತೊಂದರೆ’ ಅಂದು ಚೀಟಿ ಕೊಟ್ಟೆ.

ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು. ಮತ್ತೆ ಮೊದಲಿಂದ ಓದಿದರು. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸ್ತಾ ಕೂತರು. ಗಾಜು ಒರೆಸಿದ್ದಾಯಿತು, ಕಣ್ಣು ಒರೆಸಿದ್ದಾಯಿತು.

‘ಇದು ನಮ್ಮಣ್ಣನ ಸೊಸೆ ತಂದಿದ್ದು ಕಣೇ’ ಅಂದರು ಕೊನೆಗೆ. ‘ಕುಬಟೂರಿನಲ್ಲಿದ್ದಾಳೆ. ದಸರೆಗೆ ಬನ್ನಿ ಕೊಡೋಕೆ ಬಂದವಳು ಕೈಲಿ ಇಟ್ಟು ಹೋದ್ಲು. ಅವಳ ತಂಗಿ ರೈಲ್ವೇಲಿ ಗೇಟ್ ಕಾಯೋ ಕೆಲಸದಲ್ಲಿದ್ದಾಳೆ, ಅರಸೀಕೆರೆ ಆಚೆ. ತಾನೇ ನೋಡಿಕೊಂಡು ಮದುವೆ ಆದ್ಲು, ಬೇರೆ ಜನ. ಇವರು ಯಾರೂ ಮದುವೆಗೆ ಹೋಗಲಿಲ್ಲ. ಅಲ್ಲಿಂದ ಆ ಮನೇಲಿ ಅವಳ ಸುದ್ದಿ ಯಾರೂ ಎತ್ತೋ ಹಂಗಿಲ್ಲ.’

‘ಹೆರಿಗೆ ಆಯ್ತಾ ಟೀಚರ್?’

‘ನಂಗೇನು ಗೊತ್ತು? ಬಸುರಿ ಅನ್ನೋದೇ ಈಗ ಗೊತ್ತಾಯ್ತು.’

ದಸರೆಯಿಂದ ನಾಲ್ಕು ತಿಂಗಳು. ಐದೂ ನಾಲ್ಕೂ ಒಂಬತ್ತು. ಇವತ್ತೋ ನಾಳೆಯೋ ಅನ್ನೋ ಹೊತ್ತು. ಟೀಚರ್ ಫೋನ್ ತಗೊಂಡು ನಂಬರ್ ಒತ್ತೋಕೆ ಹೋದರು, ನಾನೇ ತಡೆದು ಮನೆ ಗುರುತು ಕೇಳಿಕೊಂಡೆ. ಫೋನು ಆ ಭಾವನ ಕೈಗೆ ಹೋದರೆ? ಇದು ಕೈಯಿಂದ ಕೈಗೇ ಹೋಗಬೇಕಾದ ಕಾಗದ. ‘ಒಂದು ಲೋಟ ಟೀ ಆದ್ರೂ ಕುಡಿದು ಹೋಗೇ’ ಅಂತ ಅವರು ಕೂಗ್ತಿದ್ದರೂ ನಾನು ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಆನವಟ್ಟಿಯ ಬಸ್ಸು ಹೊರಡೋದರಲ್ಲಿತ್ತು.

ಆನವಟ್ಟಿಯಲ್ಲಿ ಇಳಿದು ಆಟೋ ಹಿಡಿದು ಕುಬಟೂರಿಗೆ ಹೋದಾಗ ಮಧ್ಯಾಹ್ನ ಎರಡು ಗಂಟೆ. ಹೊಸ ಆರ್‌ಸಿಸಿ ಮನೆ, ತಿಳಿಹಸಿರು ಬಣ್ಣ. ಬಾಗಿಲಿಗೆ ಕಟ್ಟಿದ ಮಾವಿನ ತೋರಣ ಒಣಗಿ ಪುಡಿಪುಡಿ ಆಗಿದೆ. ಮಗ್ ಈ ಮನೆ ಗೃಹಪ್ರವೇಶಕ್ಕೆ ಬಂದಿದ್ದಾದರೆ ಅದಾಗಿ ಬಹಳ ತಿಂಗಳಾಗಿರಬೇಕು ಅಂತ ನನಗೆ ಅಳುಕು ಶುರುವಾಯಿತು.

ಸುಮಾರು ನಲವತ್ತರ ಹೆಂಗಸು ಬಂದು ಬಾಗಿಲು ತೆಗೆದರು. ‘ಬರ್ರೀ, ಒಳಗ್ ಬರ್ರೀ. ಯಾವ ಕಡೆಯೋರು?’ ಅಂದು ನೀರು ತಂದುಕೊಟ್ಟರು. ಯಜಮಾನರು ಗದ್ದೆ ಕಡೆ ಹೋಗಿದ್ದಾರಂತೆ, ಬರೋದು ಸಂಜೆಯಂತೆ. ನನಗೆ ಧೈರ್ಯ ಬಂತು.

‘ಈ ಮನೆ ಗೃಹಪ್ರವೇಶ ಯಾವಾಗಾಯ್ತ್ರೀ?’ ಅಂದೆ.

‘ಶ್ರಾವಣದಲ್ಲಿ.’

ಶ್ರಾವಣದಿಂದ ಮಾಘ. ಆರು ತಿಂಗಳು. ಐದೂ ಆರೂ. ಬೆರಳು ಮುಗಿದು ಹೋಯಿತು. ನಾನು ಇನ್ನೇನೂ ಕೇಳದೆ ಚೀಲದಿಂದ ಡಬ್ಬಿ ತೆಗೆದು ಚಾಪೆ ಮೇಲಿಟ್ಟೆ.

ಆಕೆಯ ಮುಖ ಬಿಗಿಯಿತು. ‘ಇದು ನಿಮ್ಮ ಕೈಗೆ ಹೆಂಗ್ ಬಂತು? ಸೊರಬದ ನಮ್ಮ ಚಿಕ್ಕತ್ತೆ ಕೊಟ್ರಾ?’ ನಾನು ಬಂದ ದಾರಿಯೆಲ್ಲ ಹೇಳಿದೆ. ಕೇಳ್ತಾ ಕೇಳ್ತಾ ಆಕೆಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚಾಯಿತು. ‘ನೀವೇ ಹೇಳ್ರೀ, ಹೊಸ ಮನೆಗೆ ದೀಪ ಕಳಿಸ್ತಾರೆ, ದೇವರ ಫೋಟೋ ಕಳಿಸ್ತಾರೆ. ಇವಳು ಮುಳುಗೋ ಹೊತ್ತಿನ ರೈಲು ಹಳಿ ಕಳಿಸಿದಾಳೆ, ಅದೂ ಕೊರಿಯರ್‌ನಲ್ಲಿ! ನಾವು ಮದುವೆಗೆ ಬರಲಿಲ್ಲ ಅಂತ ಚುಚ್ಚೋಕೇ ಕಳಿಸಿದ್ದು ಅಂತ ನಮ್ಮನೆಯವರೂ ಅಂದ್ರು, ನಂಗೂ ಹಂಗೇ ಅನ್ನಿಸ್ತು. ಕಣ್ಣಿಗೆ ಬೀಳೋದೇ ಬೇಡ ಅಂತ ಕೊಟ್ಟುಬಿಟ್ಟೆ.’

‘ತೆಗೆದು ನೋಡಲಿಲ್ವಾ?’

‘ನೋಡೋದೇನಿದೆ, ಹೊರಗೇ ಕಾಣುತ್ತಲ್ಲ. ಅವಳೂ ಫೋನ್ ಮಾಡಿ ಇದನ್ನೇ ಕೇಳಿದ್ಲು, ಡಬ್ಬಿ ತೆಗೆದು ನೋಡಿದ್ಯಾ ಅಕ್ಕ ಅಂತ. ಇವರು ಪಕ್ಕದಲ್ಲೇ ಕೂತಿದ್ರು. ಹೂಂ ನೋಡಿದೆ, ಚೆನ್ನಾಗಿದೆ ಅಂದೆ. ಉಡುಗೊರೆ ಕೊಟ್ಟೋರಿಗೆ ಮತ್ತೇನು ಹೇಳ್ತಾರೆ? ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಇಟ್ಟುಬಿಟ್ಲು.’

ನಾನು ಚೀಟಿಯನ್ನ ಆಕೆಯ ಕೈಲಿಟ್ಟೆ.

ಅಕ್ಷರ ನೋಡಿದ ಕೂಡಲೇ ಗುರುತು ಸಿಕ್ಕಿತು ಅನ್ನಿಸುತ್ತೆ, ಗೋಡೆ ಹಿಡಿದುಕೊಂಡು ಕೂತರು. ಓದೋಕೆ ಎಷ್ಟು ಹೊತ್ತು ಬೇಕು ಅಷ್ಟು ಹೊತ್ತಿಗಿಂತ ಬಹಳ ಜಾಸ್ತಿ ಹೊತ್ತು ಅದನ್ನ ಹಿಡಿದುಕೊಂಡಿದ್ದರು. 

‘ಹೆರಿಗೆ...’ ಅಂತ ನಾನೇ ಬಾಯಿಬಿಟ್ಟೆ.

‘ನಾಡಿದ್ದಿಗೆ ಎರಡು ತಿಂಗಳು. ಹೆಣ್ಣು ಮಗು. ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ಲು. ನಾನು ಎರಡು ಕೈಮುಗಿದ ಗೊಂಬೆ ಕಳಿಸಿ ಸುಮ್ಮನಾದೆ.’

ಆಮೇಲೆ ಎದ್ದು ಒಳಗೆ ಹೋದರು. ಏನೋ ತರೋಕೆ ಹೋದರು ಅಂದುಕೊಂಡೆ, ‘ಬರ್ರೀ ಇಲ್ಲಿ’ ಅಂತ ಕರೆದರು. ಹಿಂದಿನ ಕೋಣೆ. ಗಾಳಿ ಬರದ ಹಾಗೆ ಕಿಟಕಿಗೆ ಗೋಣಿ ಹೊಲಿದು ಕಟ್ಟಿದೆ. ಕಬ್ಬಿಣದ ಮಂಚ, ಕೆಳಗೆ ಇಜ್ಜಲು ಹಾಕೋ ಅಗ್ಗಿಷ್ಟಿಕೆ. ಪೆಟ್ಟಿಗೆ ತೆಗೆದು ತೋರಿಸಿದರು. ಹಳೇ ಹತ್ತಿ ಸೀರೆ ಹರಿದು ಒಗೆದು ಮಡಿಚಿಟ್ಟ ಬಟ್ಟೆ, ಒಂದು ಡಬ್ಬಿಯಲ್ಲಿ ಉಂಡೆಗೆ ಹಾಕೋ ಅಂಟು, ಇನ್ನೊಂದರಲ್ಲಿ ಒಣಕೊಬ್ಬರಿ, ಬಾಟಲಿಯಲ್ಲಿ ಎಣ್ಣೆ.

‘ಬಸುರಿ ಅಂತ ಬೇರೆಯೋರ ಬಾಯಲ್ಲಿ ಕೇಳಿ ಗೊತ್ತಾಯ್ತ್ರೀ ನಂಗೆ. ಅಮ್ಮ ಇಲ್ಲದ ಹುಡುಗಿ, ಎಲ್ಲಿಗೆ ಹೋಗ್ತಾಳೆ, ಬಂದೇ ಬರ್ತಾಳೆ ಅಂತ ಎಲ್ಲ ಜೋಡಿಸಿಟ್ಟೆ. ಇವರು ಬಾಯಿ ಮಾಡಿದ್ರೂ ಕೇಳಲಿಲ್ಲ. ಅಕ್ಕ, ಬರಲಾ ಅಂತ ಒಂದು ಮಾತು ಕೇಳಲಿ ಅಂತ ಕಾದೆ. ಕೇಳಲೇ ಇಲ್ಲವಲ್ಲ, ಇಷ್ಟು ಸೊಕ್ಕಾ ಅಂತ ನಾನೂ ಹಟ ಹಿಡಿದೆ. ಅಯ್ಯೋ ದೇವ್ರೇ, ಕೇಳಿದ್ಲಲ್ರೀ! ಮೊದಲೇ ಕೇಳಿದ್ಲಲ್ರೀ!’

ಮಂಚದ ಮೇಲೆ ಕುಸಿದು ಅಳೋಕೆ ಶುರು ಮಾಡಿದರು. ನನಗೂ ತಡೆಯೋಕೆ ಆಗಲಿಲ್ಲ. ಗುರುತು ಪರಿಚಯ ಇಲ್ಲದ ಇಬ್ಬರು ಹೆಂಗಸರು ಒಂದು ಬಾಣಂತಿ ಕೋಣೆಯಲ್ಲಿ ಬಾಣಂತಿಯೇ ಇಲ್ಲದೆ ಕೂತು ಅತ್ತೆವು. ಅತ್ತು ಸಾಕಾದ ಮೇಲೆ ನನ್ನ ಸಿಟ್ಟು ತಿರುಗಿ ಬಂತು. ‘ಎರಡು ತಿಂಗಳಿಗೇ ಬಾಣಂತನ ಮುಗಿಯುತ್ತೇನ್ರೀ? ನಮ್ಮ ಕಡೆ ಐದು ತಿಂಗಳು ಮಾಡ್ತಾರೆ. ಫೋನ್ ಹಚ್ಚಿ ಮೊದಲು’ ಅಂದೆ. ಆಕೆಯ ಫೋನು ಗಂಡನ ಜೇಬಿನಲ್ಲಿ ಗದ್ದೆಗೆ ಹೋಗಿತ್ತು. ಸ್ಪೀಕರ್ ಹಾಕಿ ನನ್ನ ಫೋನೇ ಕೊಟ್ಟೆ. ನಂಬರ್ ಬಾಯಿಪಾಠ ಇತ್ತು ಆಕೆಗೆ.

ನಾಲ್ಕೈದು ಸಲ ರಿಂಗಾಯಿತು. ‘ಹಲೋ, ಯಾರು?’ ಅಂತ ಒಂದು ದಣಿದ ದನಿ. ಹಿಂದೆ ಮಗು ಅಳ್ತಿತ್ತು. ಇವರು ಫೋನ್ ಹಿಡಿದುಕೊಂಡು ಸುಮ್ಮನೆ ಕೂತುಬಿಟ್ಟರು. ‘ಮಾತಾಡ್ರೀ’ ಅಂತ ನಾನು ತೋಳಿಗೆ ತಿವಿದೆ.

‘ಮಗೂಗೆ ನೀರು ಯಾರು ಹಾಕ್ತಾರೆ?’ ಅಂದರು. ಹೇಗಿದ್ದೀಯಾ ಇಲ್ಲ, ಏನಿಲ್ಲ.

‘ಅಕ್ಕಾ? ...ನಾನೇ ಹಾಕ್ತೀನಿ. ಫೋನಲ್ಲಿ ವಿಡಿಯೋ ನೋಡ್ಕೊಂಡು.’

‘ನಿಂಗೆ?’

ಮಗು ಮತ್ತೆ ಜೋರಾಗಿ ಅತ್ತಿತು.

‘ನಿಂಗೆ ಯಾರು ನೀರು ಹಾಕ್ತಾರೆ ಅಂದೆ.’

‘ಯಾರೂ ಇಲ್ಲಕ್ಕ. ನಾನೇ ಎರ್ಕೋತೀನಿ.’

ಅಕ್ಕ ಕಣ್ಣು ಮುಚ್ಚಿಕೊಂಡರು. ‘ನಾನು ಅವತ್ತು ಸುಳ್ಳು ಹೇಳಿದೆ ಕಣೇ. ನೀನು ಕಳಿಸಿದ ಡಬ್ಬೀನ ನಾನು ತೆಗೆದೇ ಇರಲಿಲ್ಲ. ನಿನ್ನ ಚೀಟಿ ಇವತ್ತು ಓದಿದೆ. ಈಗ. ಇನ್ನೂ ಕೈಲೇ ಇದೆ.’

ಮಗು ಅಳೋದು ನಿಂತಿತ್ತು. ಆ ದನಿ ಕೇಳಿತು, ತೀರ ಮೆಲ್ಲಗೆ.

‘ಹಂಗಾದ್ರೆ ನೀನು ಬೇಡ ಅಂದಿರಲಿಲ್ವಾ ಅಕ್ಕ?’

ಅಕ್ಕ ಫೋನನ್ನ ನನ್ನ ಕೈಗೆ ತುರುಕಿ ಎದ್ದು, ಮಂಚದ ಕೆಳಗಿನ ಚೀಲ ಎಳೆದು ಪೆಟ್ಟಿಗೆಯಲ್ಲಿದ್ದ ಬಟ್ಟೆ, ಡಬ್ಬಿ, ಬಾಟಲಿ ಎಲ್ಲ ಒಂದೇ ಸಮನೆ ಅದಕ್ಕೆ ತುಂಬತೊಡಗಿದರು. ನಾನು ಮುಖ ಕಾಣದ ಆ ಹುಡುಗಿಗೆ ಹೇಳಿದೆ, ‘ಇಲ್ಲಮ್ಮ, ಬೇಡ ಅಂದಿರಲಿಲ್ಲ. ನಿಮ್ಮಕ್ಕ ಚೀಲ ತುಂಬ್ತಾ ಇದಾರೆ.’

‘ಭಾವ?’ ಅಂದಳು.

‘ಯಾರನ್ನೂ ಕೇಳಲ್ಲ ನಾನು’ ಅಂತ ಅಕ್ಕ ಚೀಲದ ಬಾಯಿ ಕಟ್ಟುತ್ತಾ ಕೂಗಿದರು. ‘ನಾಳೆ ಬೆಳಿಗ್ಗೆ ಹಂಡೆ ತುಂಬ ನೀರು ಕಾಯಿಸಿಡು ಅನ್ರೀ ಅವಳಿಗೆ!’

ಹೇಳಿದೆ.